ಕೊಕ್ಕೆ ಹಾಕಿದ ಹಾಸಿಗೆ

ನಮ್ಮ ಬೀದಿಯ ಹಾಸಿಗೆಯವನು ಹೊಲಿದುಕೊಟ್ಟ ಹಾಸಿಗೆಯ ಮೇಲೆ ಒರಗಿದ ಪೊಲೀಸಿನವನೊಬ್ಬ ನಿವೃತ್ತಿಯಾದ ಮೇಲೆಯೇ ಎದ್ದನಂತೆ. ಅಂಥ ಕೈ. ಆದರೆ ತನಗೆಂದು ಹೊಲಿದುಕೊಂಡದ್ದನ್ನು ನೋಡಿದರೆ ಹೇಸಿಗೆಯಾಗುತ್ತಿತ್ತು: ಎರಡು ಒಂಟಿ ಹಾಸಿಗೆ, ಅಂಚಿನುದ್ದಕ್ಕೂ ಸಾಲು ಕೊಕ್ಕೆ. ಕೊಕ್ಕೆ ಹಾಕಿದರೆ ಅವನೂ ಜೊತೆಗೆ ವಾಸವಿದ್ದ ಉದ್ದಣ್ಣನೂ ಸಂಸಾರಸ್ಥರು. ಬಿಚ್ಚಿದರೆ ಬಾಡಿಗೆ ಹಂಚಿಕೊಂಡ ಗೆಳೆಯರು.

ಹಾಸಿಗೆಯವನ ತಮ್ಮ ಬಂದಾಗಲೆಲ್ಲ ಉದ್ದಣ್ಣ ತನ್ನ ಪಾಲು ಸುತ್ತಿಕೊಂಡು ಅಡುಗೆಮನೆ ಸೇರಬೇಕು. ಅಲ್ಲಿನ ಜಿರಲೆಗಳು ಅವನನ್ನು ಹೆಸರು ಹಿಡಿದು ಕರೆಯುವಷ್ಟು ಸಲುಗೆ ಬೆಳೆದಿತ್ತು. ತಮ್ಮನೋ, ಬಾಗಿಲಲ್ಲೇ ಮೂಗೆತ್ತಿ ಮೂಸುವ ಆಸಾಮಿ.

ಈ ಸಲ ಅವನು ಬರುವ ಸುದ್ದಿ ಕೇಳಿ ಉದ್ದಣ್ಣ ಚೀಲ ತುಂಬಿದ.

"ಸೊಂಟ ಹಿಡ್ಕೊಂಡಿದೆ ಕಣಯ್ಯ. ಅಡುಗೆಮನೆಗೆ ಕಳಿಸಿದ್ರೆ ಅಲ್ಲಿಂದ ನೇರ ನನ್ ತಂಗಿ ಮನೆಗೆ. ತಿರುಗಿ ಬರಲ್ಲ."

ಹಾಸಿಗೆಯವನು ಕೇಳಿಸದವನಂತೆ ಕೊಕ್ಕೆ ಬಿಚ್ಚತೊಡಗಿದ. ಅಷ್ಟರಲ್ಲಿ ಅವನ ಅಕ್ಕನ ಮಗಳು ತಾನು ಪ್ರೀತಿಸುವ ಹುಡುಗಿಯನ್ನು ಕರೆದುಕೊಂಡು ಬಂದಳು. ಮರುದಿನದ ಸಲಿಂಗಪ್ರೇಮಿಗಳ ಮೆರವಣಿಗೆಗೆಂದು ತಂದ ಫಲಕ ಎಷ್ಟು ಅಗಲವೆಂದರೆ, ಅದನ್ನು ಒಳಗೆ ತರುವಷ್ಟರಲ್ಲಿ ಅರ್ಧ ಬೀದಿಗೆ ಕತ್ತಲಾಯಿತು.

"ಇದೇನು ಮಾವ, ಕೊಕ್ಕೆ?"

"ಉಪಾಯ ಕಣಮ್ಮ. ನಿಮ್ಮಿಬ್ಬರಿಗೂ ಒಂದು ಹೊಲಿದ್ಕೊಡ್ಲಾ? ಯಾರಾದ್ರೂ ಬಂದಾಗ ಬಿಚ್ಚಿದ್ರಾಯ್ತು."

"ಛೀ! ಹಾಸಿಗೆ ಕೈಲೂ ಸುಳ್ಳು ಹೇಳಿಸ್ತೀರಾ?"

"ಮನೆ ವಿಷಯ ಹಲಗೆ ಮೇಲೆ ಬರ್ಕೊಂಡು ಬೀದಿ ಸುತ್ತೋದು ಛೀ ಅಲ್ವಾ?"

"ನಮಗೆ ಡಬಲ್ಲೇ ಇರ್ಲಿ ಅಂಕಲ್," ಎಂದಳು ಹುಡುಗಿ. "ಇವಳು ಒದೆಯೋ ಒದೆತಕ್ಕೆ ಯಾವ ಕೊಕ್ಕೆನೂ ನಿಲ್ಲಲ್ಲ."

ಉದ್ದಣ್ಣ ಕೂಡ ನಕ್ಕ. ಆಗ ತಮ್ಮ ಒಳಗೆ ಬಂದ. ಅರ್ಧ ಬಿಚ್ಚಿದ ಹಾಸಿಗೆ ಬಾಯಿ ಕಳೆದುಕೊಂಡು ಬಿದ್ದಿತ್ತು.

"ನಿನ್ ರೂಮ್‌ಮೇಟ್‌ದು ಅತ್ಲಾಗೆ ಸುತ್ತಿಡು. ಏನು ವಾಸನೆ, ಥೂ!"

ಹಾಸಿಗೆಯವನ ಬೆರಳು ನಿಂತವು. ಅಕ್ಕನ ಮಗಳು ಕಿವಿಯಲ್ಲಿ, "ಸಂಗಾತಿ ಅನ್ನಿ ಮಾವ," ಎಂದಳು. ಅವನು ಆ ಪದ ಬಿಟ್ಟು, ಉದ್ದಣ್ಣನ ಪಾಲಿನ ಮೇಲೆ ಕೈಯಿಟ್ಟ.

"ಅದು ಅವನ ಜಾಗ," ಎಂದ ಕೊನೆಗೆ. "ವಾಸನೆ ಆಗದಿದ್ರೆ ನೀನೇ ಅಡುಗೆಮನೆಲಿ ಮಲ್ಕೋ."

ತಮ್ಮ ಹೊಸ್ತಿಲ ಮೇಲೆ ಉಗಿದು ಹೊರಟೇಹೋದ.

ಉದ್ದಣ್ಣ ಚೀಲ ಕೆಳಗಿಡಲಿಲ್ಲ. "ಇಷ್ಟು ವರ್ಷಕ್ಕೆ ಇಷ್ಟೇನಾ ಮಾತು?"

"ನಾಳೆ ಇನ್ನೊಂದು ಆಡ್ತೀನಿ. ಕೂತ್ಕೊಳೋ."

"ಮೊದಲು ಆ ಎಂಜಲು ಒರೆಸು."

ಹಾಸಿಗೆಯವನು ಬಟ್ಟೆ ತಂದು ಮಂಡಿಯೂರಿದ. ಹುಡುಗಿಯರು ನೆರವಿಗೆ ಬಗ್ಗಿದರು, ಉದ್ದಣ್ಣ ಬಿಡಲಿಲ್ಲ. ನೆಲ ಒಣಗಿದ ಮೇಲೆಯೇ ಅವನು ಕೂತದ್ದು.