ದಕ್ಷಿಣಕ್ಕೊಂದು ನಮಸ್ಕಾರ

ಅರವತ್ತರ ದಶಕದಲ್ಲಿ ಹುಬ್ಬಳ್ಳಿಯ ನಮ್ಮ ಓಣಿಯವರು ಸಂಜೆ ಬಲ್ಬು ಹೊತ್ತಿದೊಡನೆ ಅದಕ್ಕೆ ಕೈಮುಗಿಯುತ್ತಿದ್ದರು. ನೆರೆಮನೆಯ ಕಾಕಾ ಮಾತ್ರ ಬಲ್ಬಿಗೆ ಬೆನ್ನು ಮಾಡಿ ದಕ್ಷಿಣಕ್ಕೆ ಕೈಮುಗಿಯುತ್ತಿದ್ದರು. ನಮ್ಮೂರಿಗೆ ಕರೆಂಟು ಬರುತ್ತಿದ್ದುದೇ ಆ ದಿಕ್ಕಿನಿಂದ; ಅಲ್ಲಿನ ಹಳೆಯ ಜಲವಿದ್ಯುತ್ ಕೇಂದ್ರದಲ್ಲಿ ಟರ್ಬೈನಿಗೆ ಎಣ್ಣೆ ಹಾಕಿಯೇ ನಿವೃತ್ತರಾದವರು ಅವರು. "ನಮ್ಮ ಮಶೀನ ನಿಂದರಂಗಿಲ್ರಿ" ಎಂಬುದು ಅವರ ನಿತ್ಯದ ಮಾತು.

ತಂಗಿಯನ್ನು ನೋಡಲು ಗಂಡಿನವರು ಬಂದ ಸಂಜೆ, ಅವಳು ಅವಲಕ್ಕಿ ತಟ್ಟೆ ಹಿಡಿದು ಹೊರಬಂದಾಗಲೇ ದೀಪ ಹೋಯಿತು.

"ಅಪಶಕುನ ಆತಲ್ರಿ!" ಎಂದರು ಗಂಡಿನ ತಾಯಿ. ಸಂಬಂಧ ಮುರಿಯಿತೆಂದು ನಾನು ಬೆವರಿದೆ.

"ಶಕುನ ಅಲ್ರಿ ಅವ್ವಾರ, ಇವರ ಮನಿ ಫ್ಯೂಜು," ಎಂದರು ಹಿರಿಯರೆಂದು ನಾವು ಕರೆಸಿಕೊಂಡಿದ್ದ ಕಾಕಾ.

"ಕಾಕಾ, ಇಡೀ ಓಣಿನ ಕತ್ತಲಾಗೇತ್ರಿ," ಎಂದೆ.

"ಹಂಗಾರ ಎಲ್ಲಾರ ಫ್ಯೂಜೂ ಹೋಗ್ಯಾವು. ಮಶೀನ ನಿಂದರಂಗಿಲ್ರಿ!"

ಕತ್ತಲಲ್ಲಿ ಮೊದಲು ನಕ್ಕವರು ಆ ತಾಯಿಯೇ. ದೀಪ ಬಂದಾಗ ಅವರೂ ಕಾಕಾನೊಡನೆ ದಕ್ಷಿಣಕ್ಕೆ ಕೈಮುಗಿದು, "ಹುಡುಗಿ ನಮಗ ಪಸಂದ್ ಬಂದಾಳ್ರಿ" ಎಂದರು. ನಾನು, ಯಾವುದಕ್ಕೂ ಇರಲಿ ಎಂದು, ಬಲ್ಬಿಗೂ ದಕ್ಷಿಣಕ್ಕೂ ಕೈಮುಗಿದೆ.