ಗೋಡೆಯೊಳಗಿನ ನೀರಿಗೆ ಹೆದರುವ ಪುಕ್ಕಲಕ್ಕ

ಬೆಳಕು ಇನ್ನೂ ಸರಿಯಾಗಿ ಮೂಡಿಲ್ಲ. ರಿಪೇರಿ ನಡೆದಿರುವ ಬಚ್ಚಲುಮನೆಯ ನೆಲದಲ್ಲಿ ಹೆಂಗಸೊಬ್ಬರು ಮಂಡಿಯೂರಿ ಕೂತಿದ್ದಾರೆ. ಎದುರಿಗೆ, ಗೋಡೆ ಕೊರೆದು ಕೂರಿಸಿದ ನೀರಿನ ಪೈಪು. ಅದರ ಒಂದೊಂದು ಜಾಯಿಂಟಿಗೂ ಹಳೇ ಪೇಪರಿನ ಚೂರು ಸುತ್ತಿ ದಾರ ಕಟ್ಟಿದೆ. ನಿನ್ನೆ ಸಂಜೆ ಲೈನಿಗೆ ನೀರು ಬಿಟ್ಟು ಹೋಗಿದ್ದರು. ಈಗ ಚೂರುಗಳನ್ನು ಬಿಚ್ಚಿ, ಕೆನ್ನೆಗೆ ಒತ್ತಿ ನೋಡುತ್ತಿದ್ದಾರೆ. ತಣ್ಣಗೆ ತಾಗಿದರೆ ಸೋರುತ್ತಿದೆ ಎಂದರ್ಥ. ಪ್ರತಿ ಚೂರಿಗೂ ಅವರು ಉಸಿರು ಬಿಗಿಹಿಡಿಯುತ್ತಾರೆ. ಇವರ ಬಗ್ಗೆ ಬರೆಯಲು ಬಂದ ನಾನು ನೋಡುತ್ತ ನಿಂತಿದ್ದೇನೆ.

ಇವರು ಪ್ಲಂಬರ್. ಗಾರೆಯವರು, ಟೈಲ್ಸಿನವರೆಲ್ಲ ಕರೆಯುವುದು ಪುಕ್ಕಲಕ್ಕ ಎಂದು. ಇವರೂ ಬೇಸರವಿಲ್ಲದೆ ಓಗೊಡುತ್ತಾರೆ. ಕೆಲಸ ಕಲಿಸಿದ್ದು ಅಪ್ಪ. ಪೈಪಿನ ತುದಿಯ ಥ್ರೆಡ್ ತಿರುಗುವ ದಿಕ್ಕಿಗೇ ನೀರು ಸೋರದ ಹಾಗೆ ಟೇಪು ಸುತ್ತಬೇಕು, ಕೈಯಲ್ಲಿ ಆದಷ್ಟು ತಿರುಗಿಸಿ ಆಮೇಲೆ ಪಾನಾ ಹಾಕಬೇಕು, ವಿಪರೀತ ಬಿಗಿದರೆ ಪೈಪು ತಿರುಗುವ ಮೂಲೆಯ ಪ್ಲಾಸ್ಟಿಕ್ ಎಲ್ಬೋ ಬಿರುಕು ಬಿಡುತ್ತದೆ. ಇದನ್ನೆಲ್ಲ ನೀರು ಕುಡಿದಷ್ಟು ಸಲೀಸಾಗಿ ಹೇಳುತ್ತಾರೆ. ಕೊನೆಯ ಪಾಠಕ್ಕೆ ಬಂದಾಗ ಮಾತ್ರ ದನಿ ಇಳಿಯುತ್ತದೆ.

“ಬಿಗಿದ್ಮೇಲೆ ಹಿಂದಕ್ಕೆ ತಿರುಗಿಸ್ಬಾರದು ಸಾರ್. ಕೂದಲೆಳೆಯಷ್ಟೂ ಬೇಡ. ಕೂತ ಟೇಪು ಜಾಗ ಬಿಟ್ಬಿಡುತ್ತೆ. ಆಗ್ಲೇ ಸೋರಿದ್ರೆ ಪುಣ್ಯ. ಕೆಲವು ಜಾಯಿಂಟು ತಿಂಗಳುಗಟ್ಟಲೆ ಸುಮ್ನಿರ್ತವೆ.”

ಒಮ್ಮೆ ಪುಕ್ಕಲಕ್ಕನ ಅಪ್ಪ ತಮ್ಮದೇ ಅಡುಗೆಮನೆಗೆ ನಲ್ಲಿ ಹಾಕಿದ್ದರು. ಓರೆ ಕಾಣುತ್ತದೆ ಎಂದರು ಅಮ್ಮ. “ಅಪ್ಪ ಒಂಚೂರು ಹಿಂದಕ್ಕೆ ತಿರುಗಿಸಿ ನೇರ ಮಾಡಿ, ಮೇಲೆ ಗಾರೆ ಬಳಿದ್ರು. ನೀರು ಗೋಡೆಯೊಳಗೇ ಇಳಿದು ಸ್ವಿಚ್‌ಬೋರ್ಡಿಗೆ ಹೋಗಿದೆ, ಯಾರಿಗೂ ಗೊತ್ತಿಲ್ಲ. ಅಮ್ಮ ಲೈಟ್ ಹಾಕೋಕೆ ಹೋದ್ಲು.” ಶಾಕ್ ಹೊಡೆದರೂ ತಾಯಿ ಬದುಕಿ ಉಳಿದರು. ಬಲಗೈ ಬೆರಳುಗಳು ಇವತ್ತಿಗೂ ಪೂರ್ತಿ ಮಡಚುವುದಿಲ್ಲ. ಅಪ್ಪ ಸಾಯುವವರೆಗೂ ಮತ್ತೆ ಪಾನಾ ಮುಟ್ಟಲಿಲ್ಲ. ಮನೆ ನಡೆಯಬೇಕಿತ್ತು, ಮಗಳು ಕೈಗೆತ್ತಿಕೊಂಡರು.

ಕೊನೆಯ ಚೂರು ಷವರಿನ ಎಲ್ಬೋದ್ದು. ಅದೂ ಒಣಗಿಯೇ ಇದೆ. ಸದ್ಯ ಎಂದು ನಾನು ನಿಟ್ಟುಸಿರು ಬಿಟ್ಟರೆ, ಅವರ ಮುಖದಲ್ಲಿ ಕಳೆಯೇ ಇಲ್ಲ.

“ನಿನ್ನೆ ಇದನ್ನ ಹಿಂದಕ್ಕೆ ತಿರುಗಿಸ್ಬಿಟ್ಟೆ. ಷವರ್ ಓರೆಯಾಗುತ್ತೆ ಅಂದ್ರು ಈ ಮನೆ ಅಜ್ಜಿ. ಮಾತಾಡ್ತಾ ಮಾತಾಡ್ತಾ ಕೈ ಹೋಗ್ಬಿಡ್ತು. ಆಮೇಲೆ ಕಣ್ಣಿಗೆ ನಿದ್ದೆ ಹತ್ತಿಲ್ಲ.”

ಗೋಡೆಯ ಆಚೆ ಮಲಗುವ ಕೋಣೆ. ಅದೇ ಗೋಡೆಯಲ್ಲಿ ಸ್ವಿಚ್‌ಬೋರ್ಡ್. ಅಜ್ಜಿಯ ಮೊಮ್ಮಗು ಈಗ ಗೋಡೆ ಹಿಡಿದು ಎದ್ದು ನಿಲ್ಲಲು ಕಲಿಯುತ್ತಿದೆ. ಅದರ ಅಂಗೈ ಬಡಿಯುವ ಸದ್ದು ಈಚೆಗೆ ಕೇಳಿಸುತ್ತದೆ. ಕೇಳಿದಾಗಲೆಲ್ಲ ಪುಕ್ಕಲಕ್ಕ ಬೆಚ್ಚಿಬೀಳುತ್ತಾರೆ.

ಅಷ್ಟರಲ್ಲಿ ಟೈಲ್ಸ್ ಮೇಸ್ತ್ರಿ ಸಿಮೆಂಟು ಕಲಸಿಕೊಂಡು ಬರುತ್ತಾನೆ. “ಒಣಗಿದೆಯಲ್ಲಕ್ಕ, ಮುಚ್ತೀನಿ ಬಿಡಿ.”

“ಕೈ ಇಟ್ಟೀಯ, ಜೋಕೆ!”

“ನಿಮ್ಮ ಪುಕ್ಕಲುತನ ಮುಗಿಯೋದ್ರಲ್ಲಿ ನನ್ನ ಸಿಮೆಂಟು ಕಲ್ಲಾಗುತ್ತೆ!”

ಅವನ ಗೊಣಗಾಟ ಕಿವಿಗೆ ಹಾಕಿಕೊಳ್ಳದೆ ವಾಲ್ವ್ ಮುಚ್ಚುತ್ತಾರೆ. ಎಲ್ಬೋ ಬಿಚ್ಚಿ, ಹಳೇ ಟೇಪನ್ನು ಉಗುರಿನಿಂದ ಕೆರೆದು ತೆಗೆದು, ಹೊಸದನ್ನು ಸುತ್ತುತ್ತಾರೆ. ಸುತ್ತು ಅಚ್ಚುಕಟ್ಟಾಗಿದೆ. ಈ ಸಲ ಎಲ್ಬೋ ಬಿಗಿಯಾಗಿ ಕೂತಾಗ ಅದರ ಬಾಯಿ ಒಂದಿಷ್ಟು ಪಕ್ಕಕ್ಕೆ ವಾಲಿದೆ. ಅಜ್ಜಿ ಬಾಗಿಲಲ್ಲಿ ಇಣುಕುತ್ತಾರೆ.

“ಮತ್ತೆ ಓರೆ ಆಯ್ತಲ್ಲಮ್ಮ?”

“ಆಗ್ಲಿ ಅಜ್ಜಿ. ಬೈದ್ಕೊಳ್ಳಿ ಪರವಾಗಿಲ್ಲ. ನೀರು ಬಿಟ್ಟಿರ್ತೀನಿ, ಇವತ್ತು ಗೋಡೆ ಮುಚ್ಚೋದು ಬೇಡ.”

ಮೇಸ್ತ್ರಿ ಬಾಂಡಲಿ ಎತ್ತಿಕೊಂಡು ಮುಖ ಊದಿಸಿ ಹೊರಡುತ್ತಾನೆ. ಪುಕ್ಕಲಕ್ಕ ಎಲ್ಬೋಗೆ ಹೊಸ ಪೇಪರು ಕಟ್ಟುತ್ತಾರೆ. ನಿಮಗೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಬರೆಯುವವರ ಹಾಳು ಚಾಳಿ ಇದು. ಅವರು ಪಾನಾ ಒರೆಸಿ ಚೀಲಕ್ಕೆ ಹಾಕುತ್ತಾರೆ.

“ಅಮ್ಮ ಅವತ್ತಿಂದ ಸ್ವಿಚ್ ಮುಟ್ಟಿಲ್ಲ ಸಾರ್. ಸಂಜೆ ನಾನು ಮನೆಗೆ ಹೋಗೋವರೆಗೂ ಒಬ್ಬಳೇ ಕತ್ತಲಲ್ಲಿ ಕೂತಿರ್ತಾಳೆ. ಆಮೇಲೆ ನಮ್ಮನೆ ಆ ಗೋಡೆಗೆ ಹೊಸ ಪೈಪು ಹಾಕಿದೋಳು ನಾನೇ. ಒಂದು ದಿನ ನಾನು ಹೋಗೋ ಹೊತ್ತಿಗೆ ಮನೇಲಿ ಲೈಟ್ ಉರೀತಿರ್ಬೇಕು. ಅಷ್ಟೇ.”