ಡ್ರ್ಯಾಗನ್ ಕೂಟದಲ್ಲಿ ನನ್ನ ಪ್ರವರ

ಬೇರೆಯವರ ಸಂಬಳ ಏರಿದರೆ ನನಗೆ ಹೊಟ್ಟೆಕಿಚ್ಚಾಗುವುದಿಲ್ಲ. ಅವರು ಸೈಟು ಕೊಂಡರೂ ಆಗುವುದಿಲ್ಲ. ಆಗುವುದು ತೀರ ಚಿಲ್ಲರೆ ವಿಷಯಗಳಿಗೆ, ಅದೂ ನೆಂಟರ ವಿಷಯದಲ್ಲಿ.

ಆಗ ನಾನು ಇಬ್ರಾಹಿಂಪಟ್ನಂ ವಿದ್ಯುತ್ ಸ್ಥಾವರದಲ್ಲಿ ಬಾಯ್ಲರ್ ಎಂಜಿನಿಯರ್. ಮನೆ ವಿಜಯವಾಡದ ಭವಾನಿಪುರಂನಲ್ಲಿ. ಮೈಸೂರಿನವನಾದ ನನಗೆ ಅಲ್ಲಿಯ ಸೆಕೆಯಲ್ಲಿ ತಂಪೆನಿಸುತ್ತಿದ್ದದ್ದು ಇಂಗ್ಲಿಷಿನ ಫ್ಯಾಂಟಸಿ ಕಾದಂಬರಿಗಳು ಮಾತ್ರ: ಹಿಮದ ರಾಜ್ಯಗಳು, ಮಾತಾಡುವ ಕಾಡುಗಳು, ಡ್ರ್ಯಾಗನ್ನುಗಳು. ಹೆಂಡತಿ ಪದ್ಮ ವಿಜಯವಾಡದಲ್ಲೇ ಹುಟ್ಟಿ ಬೆಳೆದ ಕನ್ನಡತಿ. "ಏನಂಡೀ, ದಿನಾ ಬಾಯ್ಲರ್ ಬೆಂಕಿ ನೋಡೋದು ಸಾಲದಾ? ಮನೇಲೂ ಬೆಂಕಿ ಉಗುಳೋ ಹಾವೇ ಬೇಕಾ?" ಎನ್ನುತ್ತಿದ್ದಳು.

ಮನೆಗೆ ಬ್ರಾಡ್‌ಬ್ಯಾಂಡ್ ಬಂದ ಮೇಲೆ ಇಂಟರ್ನೆಟ್ಟಿನಲ್ಲಿ ಇದೇ ಹುಚ್ಚಿನವರ ಒಂದು ಕೂಟ ಸಿಕ್ಕಿತು. ಹೊಸಬರು ಮೊದಲು ತಮ್ಮ ಪರಿಚಯ ಬರೆಯಬೇಕು. ಉಪನಯನದಲ್ಲಿ ಋಷಿ, ಗೋತ್ರ, ಸೂತ್ರಗಳನ್ನೆಲ್ಲ ಹೇಳಿ ಕೊನೆಗೆ ಹೆಸರು ಹೇಳುವುದನ್ನು ಕಲಿತವನು ನಾನು. ಇಲ್ಲಿಯೂ ಹಾಗೇ ಮಾಡಿದೆ. ಇಡೀ ಭಾನುವಾರ ಕೂತು, ಓದಿದ ಸರಣಿಗಳು, ಅವುಗಳಲ್ಲಿ ಸಡಿಲವಾದ ಭಾಗಗಳು, ಮಂತ್ರಶಕ್ತಿಗೂ ಕಟ್ಟುಪಾಡು ಬೇಕೆಂಬ ನನ್ನ ವಾದ ಎಲ್ಲವನ್ನೂ ಬರೆದೆ. ಕೂಟದ ಮೇಲ್ವಿಚಾರಕರು ಉತ್ತರಿಸಿದರು: "ಸ್ವಾಗತ. ದಯವಿಟ್ಟು ನಿಯಮಗಳನ್ನು ಓದಿ." ಬೇರೆ ಯಾರೂ ತುಟಿ ಬಿಚ್ಚಲಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ಸಹಿಸುತ್ತಿದ್ದೆ. ಆದರೆ ನನಗೊಬ್ಬ ಷಡ್ಡಕನಿದ್ದಾನೆ. ಪದ್ಮಳ ತಂಗಿಯ ಗಂಡ ಶಿವರಾಜ, ಬಳ್ಳಾರಿಯವನು. ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ. ಅವನಿಗೆ ಈ ಪುಸ್ತಕಗಳ ರುಚಿ ಹತ್ತಿಸಿದವನು ನಾನು, ಕೂಟದ ವಿಳಾಸ ಕೊಟ್ಟವನೂ ನಾನೇ. ಒಂದೂವರೆ ಪುಸ್ತಕ ಓದಿದ್ದ ಆ ಮಹಾನುಭಾವ ಬರೆದದ್ದು ಇಷ್ಟು: "ನಾನು ಕಬ್ಬಿಣ ಕರಗಿಸುವ ಕಡೆ ಕೆಲಸ ಮಾಡುತ್ತೇನೆ. ಕುಲುಮೆಯ ಬಾಯಿ ತೆರೆದಾಗಲೆಲ್ಲ ಒಳಗೆ ಯಾವುದೋ ಪ್ರಾಣಿ ಮಲಗಿದೆ ಅನ್ನಿಸುತ್ತದೆ. ಅದು ಯಾವುದೆಂದು ನಿಮಗೆ ಗೊತ್ತಿರಬಹುದು."

ಸ್ವಾಗತದ ಮಳೆಯೇ ಸುರಿಯಿತು. ಕೆನಡಾದ ಅಜ್ಜಿಯೊಬ್ಬರು ಅವನಿಗೆ 'ಕುಲುಮೆಯ ಕಾವಲುಗಾರ' ಎಂಬ ಬಿರುದನ್ನೇ ಕೊಟ್ಟರು. ನನ್ನ ಬಾಯ್ಲರಿನಲ್ಲಿ ಬೆಂಕಿ ಇಲ್ಲವೇ? ಊಟಕ್ಕೆ ಮುಂಚೆ, ಊಟವಾದ ಮೇಲೆ ಅವನ ಪುಟ ತೆರೆದು, ಇನ್ಯಾರು ಹೊಗಳಿದ್ದಾರೆಂದು ನೋಡಿ ನೋಡಿ ಸಂಕಟಪಡುತ್ತಿದ್ದೆ.

ಅವನ ಮಗಳ ನಾಮಕರಣಕ್ಕೆಂದು ವಿಶಾಖಪಟ್ಟಣಕ್ಕೆ ಹೋದೆವು. ನೆಂಟರ ಊಟ ಮುಗಿಯುತ್ತಲೇ ಶಿವರಾಜ ನನ್ನನ್ನು ಕಂಪ್ಯೂಟರಿನ ಮುಂದೆ ಕೂರಿಸಿದ. "ಅಣ್ಣಾ, ಈ ಕೂಟದವ್ರು ಏನೇನೋ ಕೇಳ್ತಾರ್ರೀ. ನನಗೇನ್ ಗೊತ್ತೈತಿ? ನನ್ನ ಹೆಸ್ರಲ್ಲಿ ನೀವೇ ಒಂದು ಉತ್ತರ ಬರ್ದುಬಿಡ್ರಿ."

ಇಂಥ ಅವಕಾಶ ಬಿಡುವುದುಂಟೇ? ಡ್ರ್ಯಾಗನ್ನಿನ ವಂಶಾವಳಿಯನ್ನೇ ಬರೆದೆ. ಸ್ವಲ್ಪ ಹೊತ್ತಿಗೆ ಕೆನಡಾದ ಅಜ್ಜಿಯ ಪ್ರಶ್ನೆ ಬಂತು: "ಮಗೂ, ಇವತ್ತು ಮೈ ಹುಷಾರಿಲ್ಲವೇ? ಪರೀಕ್ಷೆಯ ಉತ್ತರ ಓದಿದ ಹಾಗಿದೆ."

ಶಿವರಾಜ ಮರ್ಯಾದೆಯಿಂದ ಕಿಟಕಿಯ ಕಡೆ ತಿರುಗಿಕೊಂಡ. ಹಿಂದೆ ನಿಂತಿದ್ದ ಪದ್ಮಳಿಗೆ ಅಂಥ ಸಂಕೋಚವೇನೂ ಇರಲಿಲ್ಲ. ನಕ್ಕು ಸಾಕಾದ ಮೇಲೆ ಅವಳು, "ನೀವು ಓದಿದ್ದನ್ನೆಲ್ಲ ಬರೀತೀರಂಡೀ. ನೀವು ಯಾರು ಅಂತ ಎಲ್ಲಿ ಬರೆದಿದೀರಿ?" ಎಂದಳು.

ರೈಲಿನುದ್ದಕ್ಕೂ ಆ ಮಾತು ಚುಚ್ಚುತ್ತಿತ್ತು. ಮನೆಗೆ ಬಂದು ಹೊಸದಾಗಿ ಪರಿಚಯ ಬರೆದೆ: "ನಾನು ಕುಲುಮೆಯ ಕಾವಲುಗಾರನ ಷಡ್ಡಕ. ನಿಮ್ಮ ಇಂಗ್ಲಿಷಿನಲ್ಲಿ ಈ ಸಂಬಂಧಕ್ಕೆ ಸರಿಯಾದ ಪದವಿಲ್ಲ. ಅಕ್ಕತಂಗಿಯರನ್ನು ಮದುವೆಯಾಗಿ, ಜೀವಮಾನವಿಡೀ ಒಬ್ಬರನ್ನೊಬ್ಬರು ಅಳೆಯುತ್ತಾ ಕೂರುವವರು ಎಂದರ್ಥ. ಅವನಿಗೆ ಪುಸ್ತಕ ಕೊಟ್ಟವನು ನಾನು. ನೀವೆಲ್ಲ ಅವನನ್ನು ಮುದ್ದಿಸುವುದನ್ನು ನೋಡಿ ನನಗೆ ಊಟ ಸೇರುತ್ತಿಲ್ಲ."

ಸಂಜೆಯೊಳಗೆ ಪುಟ ತುಂಬಿತು. ಷಡ್ಡಕರ ಬಗ್ಗೆ ಅವರಿಗೆ ಡ್ರ್ಯಾಗನ್ನಿಗಿಂತ ಹೆಚ್ಚಿನ ಕುತೂಹಲ. ಅಜ್ಜಿಯಂತೂ ತಮ್ಮ ಅಕ್ಕನ ಮೇಲೆ ತಮಗಿದ್ದ ಹೊಟ್ಟೆಕಿಚ್ಚಿನ ಕಥೆಯನ್ನೆಲ್ಲ ಬಿಚ್ಚಿ, ಉದ್ದಕ್ಕೆ ಬರೆದರು.

ಮುಂದಿನ ವಾರ ಶಿವರಾಜನ ಫೋನು ಬಂತು. ಅದೂ ಇದೂ ಮಾತಾಡಿ, ದನಿ ಇಳಿಸಿ ಹೇಳಿದ: "ಅಜ್ಜಿ ನಿಮಗ ಭಾಳ ಬರ್ದಾರಲ್ಲಣ್ಣಾ... ನನಗ ಈ ವಾರ ಏನೂ ಬರ್ದಿಲ್ಲ."

ಆ ದನಿ ನನಗೆ ಚೆನ್ನಾಗಿ ಗೊತ್ತಿತ್ತು. "ಬರೀತಾರೆ ಬಿಡಪ್ಪಾ, ವಯಸ್ಸಾದವರು, ಮರೆತಿರ್ತಾರೆ" ಎಂದು ಸಮಾಧಾನ ಮಾಡಿದೆ. ಅವನ ಮೇಲೆ ನನಗೆ ಅಷ್ಟೊಂದು ಪ್ರೀತಿ ಉಕ್ಕಿ ಬಂದದ್ದು ಅದೇ ಮೊದಲು.